ಏಳನೇ ನಮೂನೆ, ಒಂಬತ್ತನೇ ಕಾಲಂ, ಹತ್ತನೇ ತರಗತಿ

ಭೂಸುಧಾರಣೆಯ ಪಾಠವನ್ನು ಅಂಕೋಲಾ ಸೀಮೆಯ ಹೈಸ್ಕೂಲಿನಲ್ಲಿ ಮಾಡುವ ಮೇಷ್ಟ್ರಿಗೆ ಸ್ವಲ್ಪ ಹುಷಾರಿ ಬೇಕು. ಗದ್ದೆ ಬಿಟ್ಟುಕೊಟ್ಟ ಒಡೆಯರ ಮನೆಯ ಹುಡುಗಿ, ಅದೇ ಗದ್ದೆಯನ್ನು ಪಡೆದ ಗೇಣಿದಾರನ ಮನೆಯ ಹುಡುಗಿ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಬಿಸಿಯೂಟಕ್ಕೂ ಜೊತೆ, ಆಟಕ್ಕೂ ಜೊತೆ. ಆದರೆ ಈ ವಿಷಯದಲ್ಲಿ ಇಬ್ಬರೂ ತಂತಮ್ಮ ಮನೆಯ ಜಗಲಿಯ ಮೇಲೆ ಕೇಳಿಸಿಕೊಂಡದ್ದು ಬೇರೆ ಬೇರೆ. ಹೀಗಾಗಿ ಹೆಚ್ಚಿನವರು ಬೋರ್ಡಿನ ಮೇಲೆ ‘ಉಳುವವನೇ ಹೊಲದೊಡೆಯ’ ಎಂದು ಬರೆದು, ದೇವರಾಜ ಅರಸರ ಹೆಸರು ಹೇಳಿ, 1974ಕ್ಕೆ ಅಡಿಗೆರೆ ಎಳೆದು ಮುಂದಿನ ಪಾಠಕ್ಕೆ ದಾಟಿಬಿಡುತ್ತಾರೆ. ನಾನು ದಾಟುವುದಿಲ್ಲ. ಪಠ್ಯದಲ್ಲಿ ಬರುವ ಆ ನಾಲ್ಕು ಸಾಲು ನಮ್ಮ ಮಕ್ಕಳ ಮನೆಯ ಅಡಿಪಾಯದ ಕಲ್ಲು. ಅದನ್ನು ಬಿಟ್ಟು ಇನ್ನೇನು ಸಮಾಜ ವಿಜ್ಞಾನ ಹೇಳಿಕೊಡುವುದು?

ಜನರಿಂದ ಶುರುಮಾಡಿದರೆ ಜಗಳ ಬರುತ್ತದೆ, ಕಾಗದದಿಂದ ಶುರುಮಾಡಿದರೆ ಕುತೂಹಲ ಬರುತ್ತದೆ. ಇದು ನಾನು ಕಂಡುಕೊಂಡ ದಾರಿ. ಮೊದಲ ದಿನ ಒಂದು ಹಳೆಯ ಕೈಬರಹದ ಪಹಣಿ, ಅಂದರೆ ಜಮೀನಿನ ಹಕ್ಕು ಮತ್ತು ಬೆಳೆಯ ಸರ್ಕಾರಿ ದಾಖಲೆ, ಒಂದು ಈಗಿನ ಕಂಪ್ಯೂಟರ್ ಪಹಣಿ ತರುತ್ತೇನೆ. ಎರಡರಲ್ಲೂ ಹೆಸರು, ಸರ್ವೆ ನಂಬರುಗಳನ್ನು ಬಿಳಿ ಕಾಗದ ಅಂಟಿಸಿ ಮುಚ್ಚಿ ಜೆರಾಕ್ಸ್ ಮಾಡಿಸಿರುತ್ತೇನೆ. ಒಂಬತ್ತನೇ ಕಾಲಂ ಖಾತೆದಾರನದು, ಹತ್ತನೆಯದು ಜಮೀನು ಆತನಿಗೆ ಹೇಗೆ ಬಂತು ಎಂಬುದರದು, ಹನ್ನೊಂದನೆಯದು ಇತರ ಹಕ್ಕು ಮತ್ತು ಸಾಲದ್ದು, ಹನ್ನೆರಡನೆಯದು ಸಾಗುವಳಿ ಮಾಡುವವನದು ಮತ್ತು ಬೆಳೆಯದು. ಇಷ್ಟು ಹೇಳಿ ಸುಮ್ಮನಾಗುತ್ತೇನೆ. ಸ್ವಲ್ಪ ಹೊತ್ತಿಗೆ ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ: ಒಂಬತ್ತರಲ್ಲಿ ಒಂದು ಹೆಸರು, ಹನ್ನೆರಡರಲ್ಲಿ ಇನ್ನೊಂದು ಇದ್ದರೆ ಗದ್ದೆ ಯಾರದ್ದು ಸರ್?

ಭೂಸುಧಾರಣೆಯ ಇಡೀ ಪಾಠ ಈ ಪ್ರಶ್ನೆಯೊಳಗಿದೆ. ಹನ್ನೆರಡನೇ ಕಾಲಮ್ಮನ್ನು ತುಂಬಿದವರು ಯಾರು? ಊರಿನ ಲೆಕ್ಕ ಬರೆಯುವ ಶಾನಭಾಗರು. ಅವರು ಗದ್ದೆಯ ಅಂಚಿಗೆ ಹೋಗಿ ನೋಡಿ ಬರೆದರೋ, ಒಡೆಯರ ಚಾವಡಿಯಲ್ಲಿ ಕೂತು ಬರೆದರೋ? ಗೇಣಿ ಕೊಟ್ಟದ್ದಕ್ಕೆ ರಶೀದಿ ಇತ್ತೋ? ಬಾಯಿಮಾತಿನ ಗೇಣಿಯಾಗಿದ್ದರೆ ಸಾಕ್ಷಿ ಯಾವುದು? ಇತಿಹಾಸದ ಆಧಾರಗಳು ಎಂಬ ಪಾಠದಲ್ಲಿ ಶಾಸನ, ನಾಣ್ಯ ಎಂದು ಉರು ಹೊಡೆದ ಮಕ್ಕಳು ಆಧಾರವನ್ನು ನಿಜವಾಗಿ ಅನುಮಾನಿಸಲು ಕಲಿಯುವುದು ಈ ಹನ್ನೆರಡನೇ ಕಾಲಮ್ಮಿನ ಎದುರಿನಲ್ಲಿ.

ಆಮೇಲೆ ಮನೆಯಲ್ಲಿ ಕೇಳಿಕೊಂಡು ಬರುವ ಕೆಲಸ. ಇದನ್ನು ದಸರಾ ರಜೆಗೆ ಕೊಡುವುದು ಒಳ್ಳೆಯದು. ಅಜ್ಜಿಮನೆಗೆ ಹೋಗುವ ಮಕ್ಕಳೇ ಹೆಚ್ಚು, ಹಿರಿಯರಿಗೂ ಮಾತಾಡಲು ಪುರಸೊತ್ತು ಇರುತ್ತದೆ. ಪ್ರಶ್ನೆಗಳನ್ನು ನಾನೇ ಬರೆದುಕೊಡುತ್ತೇನೆ. ಯಾರ ಗದ್ದೆ ಯಾರಿಗೆ ಹೋಯಿತು ಎಂಬ ಪ್ರಶ್ನೆ ಅದರಲ್ಲಿ ಇರುವುದಿಲ್ಲ. ಗೇಣಿಯ ಭತ್ತವನ್ನು ಯಾವ ಅಳತೆಯಲ್ಲಿ ಅಳೆಯುತ್ತಿದ್ದರು? ಅಳೆಯುವ ಕೊಳಗ ಯಾರದಾಗಿತ್ತು? ಹೊತ್ತು ತಲುಪಿಸುವ ಕೂಲಿ ಯಾರ ಮೇಲೆ? ನೆರೆ ಬಂದು ಬೆಳೆ ಹೋದ ವರ್ಷ ಗೇಣಿಯಲ್ಲಿ ರಿಯಾಯಿತಿ ಇತ್ತೇ? ಗದ್ದೆಯ ಅಂಚಿನ ತೆಂಗಿನಕಾಯಿ ಯಾರಿಗೆ? ಉತ್ತರದಲ್ಲಿ ಯಾರ ಹೆಸರನ್ನೂ ಬರೆಯಕೂಡದು, ಅದೊಂದೇ ಕಟ್ಟುನಿಟ್ಟು.

ಬಂದ ಉತ್ತರಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಕೊಳಗದ್ದು. ಕೊಳ್ಳುವಾಗ ಒಂದು ಕೊಳಗ, ಕೊಡುವಾಗ ಒಂದು ಕೊಳಗ ಎಂದು ಒಂದು ಹಾಲಕ್ಕಿ ಒಕ್ಕಲಿಗರ ಮನೆಯ ಅಜ್ಜಿ ಹೇಳಿ ಕಳಿಸಿದ್ದಳು. ಒಡೆಯರ ಮನೆಯ ಹುಡುಗನೊಬ್ಬ ಬರೆದು ತಂದದ್ದು ಬೇರೆಯೇ: ಅವನ ಮುತ್ತಜ್ಜಿ ಗಂಡ ಸತ್ತವಳು, ಸ್ವಲ್ಪವೇ ಗದ್ದೆ, ಗೇಣಿಯಿಂದಲೇ ಊಟ, ಆ ಗದ್ದೆಯೂ ಹೋಯಿತು. ಇಡೀ ತರಗತಿ ಎರಡನ್ನೂ ಕೇಳಿತು. ಒಡೆಯರೆಂದರೆಲ್ಲ ದೊಡ್ಡ ಜಮೀನುದಾರರಲ್ಲ ಎನ್ನುವುದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಇನ್ನು ಟ್ರಿಬ್ಯೂನಲ್ಲು, ಅಂದರೆ ಗೇಣಿದಾರರ ಅರ್ಜಿಗಳನ್ನು ವಿಚಾರಿಸಿ ತೀರ್ಪು ಕೊಡುತ್ತಿದ್ದ ಭೂ ನ್ಯಾಯಮಂಡಳಿ. ಕರ್ನಾಟಕ ಭೂಸುಧಾರಣಾ ಕಾಯ್ದೆ 1961ರದ್ದು, ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಅದಕ್ಕೆ ಹಲ್ಲು ಬಂದದ್ದು ಮಾತ್ರ ಅರಸರ ಕಾಲದ ತಿದ್ದುಪಡಿಯಿಂದ. 1974ರ ಮಾರ್ಚ್ 1ಕ್ಕೆ ಗೇಣಿಯ ಜಮೀನುಗಳೆಲ್ಲ ಸರ್ಕಾರದ ವಶವಾದವು. ಗೇಣಿದಾರ ಏಳನೇ ನಮೂನೆಯಲ್ಲಿ ಅರ್ಜಿ ಹಾಕಬೇಕು. ಕೊನೆಯ ದಿನಾಂಕ ಮುಂದೆ ಹೋಗುತ್ತ ಹೋಗುತ್ತ 1979ರ ಜೂನ್ 30ಕ್ಕೆ ನಿಂತಿತು. ವಿಚಾರಣೆಗೆ ಅಸಿಸ್ಟಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಮೊದಮೊದಲು ವಕೀಲರಿಗೆ ಪ್ರವೇಶವಿರಲಿಲ್ಲ. ತೀರ್ಪು ಒಪ್ಪದವರು ಹೈಕೋರ್ಟಿಗೆ ರಿಟ್ ಹಾಕಬೇಕಿತ್ತು. ಗೆದ್ದವರಿಗೆ ಹತ್ತನೇ ನಮೂನೆಯ ಅಧಿಭೋಗ ಪ್ರಮಾಣಪತ್ರ. ಎಷ್ಟೋ ಮನೆಗಳಲ್ಲಿ ಅದು ಇವತ್ತಿಗೂ ದೇವರ ಕೋಣೆಯ ಪೆಟ್ಟಿಗೆಯಲ್ಲಿದೆ.

ಇದನ್ನೆಲ್ಲ ನೋಟ್ಸ್ ಕೊಡುವ ಬದಲು ಬೆಂಚು ತಿರುಗಿಸಿ ಟ್ರಿಬ್ಯೂನಲ್ ನಡೆಸುತ್ತೇವೆ. ಪಾತ್ರ ಹಂಚುವುದು ಚೀಟಿ ಎತ್ತಿ. ಯಾರು ಯಾರ ಪರ ಮಾತಾಡಬೇಕು ಎನ್ನುವುದನ್ನು ಚೀಟಿಗೆ ಬಿಟ್ಟರೆ ಜಾತಿಯೂ ಮನೆತನವೂ ತಾವಾಗಿ ಬಾಗಿಲ ಹೊರಗೆ ಉಳಿಯುತ್ತವೆ. ವಕೀಲರಿಲ್ಲ ಎನ್ನುವುದು ಮಕ್ಕಳಿಗೆ ಬಲು ಇಷ್ಟ. ಆದರೆ ಓದು ಬರಹ ಬಾರದ ಗೇಣಿದಾರ, ಕಾಗದಪತ್ರ ಬಲ್ಲ ಒಡೆಯ ಎದುರುಬದುರು ನಿಂತಾಗ ವಕೀಲರಿಲ್ಲದಿರುವುದು ಯಾರಿಗೆ ಅನುಕೂಲ ಎಂದು ಕೇಳಿದರೆ ಅರ್ಧ ತರಗತಿ ಈ ಕಡೆ, ಅರ್ಧ ಆ ಕಡೆ. ಕಾಯ್ದೆಯಲ್ಲಿ ಸೈನಿಕರಿಗೂ ಹಡಗಿನ ನಾವಿಕರಿಗೂ ಪ್ರತ್ಯೇಕ ಅವಕಾಶವಿತ್ತು ಎಂದಾಗ ಹಡಗಿಗೆ ಹೋಗುವವರ ಮನೆಯ ಮಕ್ಕಳು ಕಿವಿ ನೆಟ್ಟಗೆ ಮಾಡಿಕೊಳ್ಳುತ್ತಾರೆ. ಕಾರವಾರ, ಅಂಕೋಲಾ ಕಡೆ ಅಂಥವರು ಇಲ್ಲದ ತರಗತಿ ಇಲ್ಲ.

ಅರ್ಜಿ ಯಾರ ಹೆಸರಲ್ಲಿ ಹಾಕಿದರು ಎಂದು ಕೇಳಿಕೊಂಡು ಬಂದ ಹೆಣ್ಣುಮಕ್ಕಳೇ ಒಂದು ಹೊಸ ಎಳೆ ಹಿಡಿದರು. ಅವರು ಕೇಳಿದ ಮನೆಗಳಲ್ಲೆಲ್ಲ ಅರ್ಜಿ ಇದ್ದದ್ದು ಮನೆಯ ಹಿರಿಯ ಗಂಡಸಿನ ಹೆಸರಲ್ಲಿ. ನೆಟ್ಟಿ ಮಾಡಿದ್ದು, ಕಳೆ ಕಿತ್ತದ್ದು, ಹೊರೆ ಹೊತ್ತದ್ದು ಯಾರು ಎಂದು ಅವರೇ ಟ್ರಿಬ್ಯೂನಲ್ಲಿನಲ್ಲಿ ಎದ್ದು ಕೇಳಿದರು. ಅಧ್ಯಕ್ಷನಾಗಿದ್ದ ಹುಡುಗ ನನ್ನ ಮುಖ ನೋಡಿದ. ನಾನು ಕಿಟಕಿಯತ್ತ ನೋಡಿದೆ. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವರಿಗೆ ಉಳುವ ಗದ್ದೆ ಸಿಗಲಿಲ್ಲ ಎನ್ನುವುದೂ ಅಲ್ಲೇ ಹೊರಬಿತ್ತು.

ಈ ಪಾಠವನ್ನು ಸ್ವಾತಂತ್ರ್ಯ ಹೋರಾಟದ ಪಾಠದ ಬೆನ್ನಿಗೇ ಮಾಡುವುದು ನನ್ನ ರೂಢಿ, ಪಠ್ಯದ ಕ್ರಮ ಏನೇ ಇರಲಿ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದರು. ಆ ಬಳಿಕ ಅಂಕೋಲಾ, ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಣೆ ನಡೆಯಿತು. ಕಂದಾಯ ಕೊಡೆವು ಎಂದವರ ಜಮೀನನ್ನು ಬ್ರಿಟಿಷ್ ಸರ್ಕಾರ ಮುಟ್ಟುಗೋಲು ಹಾಕಿತು. ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಅದು ಮರಳಿ ಸಿಕ್ಕಿತು. ಆಗ ದೇಶಕ್ಕಾಗಿ ಜಮೀನು ಬಿಟ್ಟ ಕೆಲವು ಮನೆತನಗಳೇ 1974ರ ನಂತರ ಗೇಣಿಯ ಜಮೀನನ್ನೂ ಬಿಡಬೇಕಾಯಿತು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಒಳ್ಳೆಯವರು, ಕೆಟ್ಟವರು ಎಂದು ಹಂಚುವ ಚಪಲ ಮಕ್ಕಳಿಗೆ ತಾನಾಗಿ ಕಡಿಮೆಯಾಗುತ್ತದೆ.

ದಿನಕರ ದೇಸಾಯಿ ಇವರೆಲ್ಲರಿಗೂ ಚುಟುಕದ ಕವಿಯಾಗಿ ಮಾತ್ರ ಗೊತ್ತು. ಗೇಣಿದಾರರ ರೈತ ಕೂಟ ಕಟ್ಟಿದವರೂ ಅವರೇ, ಅದಕ್ಕಾಗಿ ಜಿಲ್ಲೆಯಿಂದ ಗಡೀಪಾರಾದವರೂ ಅವರೇ, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಹಳ್ಳಿಗಳಲ್ಲಿ ಹೈಸ್ಕೂಲು ತೆರೆದವರೂ ಅವರೇ. ಏಳನೇ ನಮೂನೆ ತುಂಬಲು ಅಕ್ಷರ ಬೇಕಲ್ಲ! ಈ ಎಳೆಯನ್ನು ನಾನು ಬಿಡಿಸಿ ಹೇಳುತ್ತೇನೆ, ಇಷ್ಟು ಪಕ್ಷಪಾತ ನನಗಿದೆ.

ಇದರಿಂದ ಮಾರ್ಕು ಬರುತ್ತದೆಯೇ ಎಂದು ಪೋಷಕರು ಕೇಳುವುದುಂಟು. ಎಂಬತ್ತು ಅಂಕದ ಪ್ರಶ್ನೆಪತ್ರಿಕೆಯಲ್ಲಿ ಇದರ ಪಾಲು ಸಣ್ಣದು. ಮನೆಯಿಂದ ಕೇಳಿ ತಂದದ್ದನ್ನು ಇಪ್ಪತ್ತು ಅಂಕದ ಆಂತರಿಕ ಮೌಲ್ಯಮಾಪನದ ಪ್ರಾಜೆಕ್ಟಿಗೆ ಸೇರಿಸುತ್ತೇನೆ. ಉಳಿದ ಪಾಠಗಳನ್ನು ಓಡಿಸಬೇಕಾಗುತ್ತದೆ, ಓಡಿಸುತ್ತೇನೆ.

ಕೊನೆಯ ಪೀರಿಯಡ್ಡು 2020ರ ತಿದ್ದುಪಡಿಗೆ. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ಅದಕ್ಕೆ ಅಡ್ಡವಾಗಿದ್ದ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು ರದ್ದಾದವು. ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟು ಬಂದ ಕಾಲೊನಿಯ ಹುಡುಗನೊಬ್ಬ, ಒಳ್ಳೆಯ ಬೆಲೆ ಬಂದರೆ ಮಾರುವುದು ನಮ್ಮ ಹಕ್ಕಲ್ಲವೇ, ಸರ್ಕಾರ ತಗೊಂಡಾಗ ನಮ್ಮನ್ನು ಯಾರು ಕೇಳಿದರು ಎಂದ. ಸಮುದ್ರದಂಡೆಯ ಗದ್ದೆಯೆಲ್ಲ ರೆಸಾರ್ಟಿನವರ ಪಾಲಾದರೆ ಒಂಬತ್ತನೇ ಕಾಲಮ್ಮಿನಲ್ಲಿ ಮತ್ತೆ ಪರವೂರಿನವರ ಹೆಸರೇ, ನಾವು ಅಲ್ಲಿ ಕೆಲಸಕ್ಕೆ ಹೋಗಬೇಕು ಎಂದಳು ಇನ್ನೊಬ್ಬಳು. ತೀರ್ಪು ಹೇಳಿ ಎಂದು ಇಬ್ಬರೂ ನನ್ನನ್ನು ಹಿಡಿದುಕೊಂಡರು. ನಾನು ಹೇಳಲಿಲ್ಲ. ಇಬ್ಬರಿಗೂ ತಂತಮ್ಮ ವಾದವನ್ನು ಒಂದೊಂದು ಪುಟ ಬರೆದು ತರಲು ಹೇಳಿದೆ; ಎದುರಿನವರ ವಾದವನ್ನು ಮೊದಲ ಪ್ಯಾರಾದಲ್ಲಿ ಸರಿಯಾಗಿ ಬರೆಯದಿದ್ದರೆ ಅಂಕ ಇಲ್ಲ ಎಂದೂ ಹೇಳಿದೆ.