ಮಾಲ್ಟಾಕ್ಕೆ ಹೊರಟ ಕರಾವಳಿಯವರಿಗೆ: ದ್ವೀಪದಲ್ಲಿ ಮನೆ ಹೂಡುವುದು, ಸ್ನೇಹ ಕಟ್ಟಿಕೊಳ್ಳುವುದು

ಮಂಗಳೂರು, ಉಡುಪಿಯ ಮನೆಗಳಿಗೆ ಪರದೇಶವೆಂದರೆ ಬಹುಕಾಲ ಕೊಲ್ಲಿ ರಾಷ್ಟ್ರಗಳೇ ಆಗಿದ್ದವು. ಈಗ ನರ್ಸುಗಳು, ಹೋಟೆಲ್ ಕೆಲಸ ಬಲ್ಲವರು, ಲೆಕ್ಕಪತ್ರ ಕಲಿತ ಯುವಕ ಯುವತಿಯರು ಮೆಡಿಟರೇನಿಯನ್ ಸಮುದ್ರದ ನಡುವಿನ ಮಾಲ್ಟಾಕ್ಕೂ ಹೊರಡುತ್ತಿದ್ದಾರೆ. ವೀಸಾ ಮತ್ತು ಸಂಬಳದ ಬಗ್ಗೆ ಹೇಳುವವರು ಊರಲ್ಲಿ ಬೇಕಾದಷ್ಟಿದ್ದಾರೆ. ಕೆಲಸ ಮುಗಿದ ಮೇಲಿನ ಹೊತ್ತನ್ನು ಅಲ್ಲಿ ಹೇಗೆ ಕಳೆಯಬೇಕು, ಕಷ್ಟಕ್ಕೆ ಯಾರನ್ನು ನೆಚ್ಚಬೇಕು ಎಂಬುದನ್ನು ಹೇಳುವವರು ಕಡಿಮೆಯಾದ್ದರಿಂದ ಇಲ್ಲಿ ಅದನ್ನೇ ಬರೆಯುತ್ತಿದ್ದೇನೆ.

ಮೊದಲಿಗೆ, ಕೊಲ್ಲಿಯಲ್ಲಿದ್ದ ಅಣ್ಣಂದಿರು, ಮಾವಂದಿರು ಹೇಳಿದ ಬದುಕಿನ ಚಿತ್ರವನ್ನು ಪಕ್ಕಕ್ಕಿಡಬೇಕು. ಅಲ್ಲಿ ಅನೇಕರಿಗೆ ಕಂಪೆನಿಯೇ ವಸತಿ ಕೊಡುತ್ತದೆ. ತುಳು ಕೂಟ, ಕನ್ನಡ ಸಂಘ, ಊರಿನ ಊಟದ ಹೋಟೆಲು ಮೊದಲೇ ಇರುವುದರಿಂದ ಹೊಸದಾಗಿ ಹೋದವನಿಗೆ ಸ್ನೇಹಿತರ ಬಳಗ ಸಿದ್ಧವಾಗಿಯೇ ಸಿಗುತ್ತದೆ. ಮಾಲ್ಟಾ ಹಾಗಲ್ಲ. ಇಡೀ ದೇಶದ ವಿಸ್ತೀರ್ಣ 316 ಚದರ ಕಿಲೋಮೀಟರ್, ಅಂದರೆ ದಕ್ಷಿಣ ಕನ್ನಡ ಜಿಲ್ಲೆಯ ಹತ್ತನೇ ಒಂದು ಪಾಲೂ ಇಲ್ಲ. 2021ರ ಜನಗಣತಿಯಂತೆ ಜನಸಂಖ್ಯೆ ಸುಮಾರು 5.2 ಲಕ್ಷ, ಅವರಲ್ಲಿ ಐದರಲ್ಲೊಬ್ಬರಿಗಿಂತ ಹೆಚ್ಚು ಮಂದಿ ವಿದೇಶಿಯರು. ಇಟಲಿ, ಬ್ರಿಟನ್, ಭಾರತ, ಫಿಲಿಪ್ಪೀನ್ಸ್, ಸರ್ಬಿಯಾದಿಂದ ಬಂದವರೇ ಅವರಲ್ಲಿ ಅಧಿಕ. ಇವರಲ್ಲಿ ಹಲವರು ಕೆಲವೇ ವರ್ಷ ನಿಂತು ಬೇರೆ ದೇಶಕ್ಕೆ ದಾಟುತ್ತಾರೆ. ಆದ್ದರಿಂದ ನನ್ನ ಸಲಹೆ ಇಷ್ಟು: ನಿಮ್ಮಂತೆ ಬಂದವರ ಸ್ನೇಹ ಬೇಕೇ ಬೇಕು, ಆದರೆ ಅದರೊಂದಿಗೆ ಆ ಮಣ್ಣಿನಲ್ಲೇ ಹುಟ್ಟಿ ಬೆಳೆದ, ನಾಳೆಯೂ ಅಲ್ಲೇ ಇರುವ ಒಬ್ಬರ ಪರಿಚಯವನ್ನಾದರೂ ಮೊದಲ ವರ್ಷದಲ್ಲೇ ಗಟ್ಟಿ ಮಾಡಿಕೊಳ್ಳಿ.

ಹೊರಡುವ ಮುನ್ನ ಏಜೆಂಟರ ಹೆಸರು ಭಾರತ ಸರಕಾರದ ಇ-ಮೈಗ್ರೇಟ್ ಜಾಲತಾಣದ ನೋಂದಾಯಿತ ಏಜೆಂಟರ ಪಟ್ಟಿಯಲ್ಲಿ ಇದೆಯೇ ಎಂದು ನೋಡಿರಿ. ಅಲ್ಲಿನ ಕೆಲಸ ಮತ್ತು ವಾಸದ ಪರವಾನಗಿ ಒಂದೇ ಆಗಿದ್ದು ಉದ್ಯೋಗದಾತರೊಂದಿಗೆ ಬೆಸೆದುಕೊಂಡಿರುತ್ತದೆ, ಕೆಲಸ ಬದಲಿಸಿದರೆ ಮತ್ತೆ ಅರ್ಜಿ ಹಾಕಬೇಕಾಗುತ್ತದೆ ಎಂಬುದನ್ನೂ ತಿಳಿದಿರಿ. ಚೀಲ ಕಟ್ಟುವಾಗ ಮನೆಯವರು ತುಪ್ಪದ ಡಬ್ಬಿ, ಹಾಲಿನ ಸಿಹಿತಿಂಡಿ, ಮಾಂಸದ ಉಪ್ಪಿನಕಾಯಿ ತುಂಬಿಸದಂತೆ ನೋಡಿಕೊಳ್ಳಿ, ಏಕೆಂದರೆ ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲು ಮತ್ತು ಮಾಂಸದ ಪದಾರ್ಥಗಳನ್ನು ಒಯ್ಯುವಂತಿಲ್ಲ. ಹಸಿ ಕರಿಬೇವಿಗೂ ಅವಕಾಶವಿಲ್ಲ. ಬ್ಯಾಡಗಿ ಮೆಣಸು, ಸಾರಿನ ಪುಡಿ, ಒಣ ಪುನರ್ಪುಳಿ ಸಾಕು. ಇದೆಲ್ಲಕ್ಕಿಂತ ಮುಖ್ಯವಾದದ್ದು ಈಜು. ಕಡಲ ಬದಿಯಲ್ಲೇ ಬೆಳೆದರೂ ನಮ್ಮಲ್ಲಿ ಈಜು ಬಾರದವರು ಬಹಳ. ಮಾಲ್ಟಾದಲ್ಲಿ ಬೇಸಿಗೆಯ ಸಂಜೆ ಮಕ್ಕಳಿಂದ ಅಜ್ಜಿಯಂದಿರವರೆಗೆ ಎಲ್ಲರೂ ನೀರಿಗಿಳಿಯುತ್ತಾರೆ. ದಂಡೆಯಲ್ಲಿ ಬಟ್ಟೆ ಕಾಯುತ್ತ ಕೂತವರಿಗೆ ಆ ಮಾತುಕತೆಯಲ್ಲಿ ಪಾಲು ಸಿಗುವುದಿಲ್ಲ. ಮಂಗಳೂರಿನ ಮಂಗಳಾ ಈಜುಕೊಳದಲ್ಲೋ ಉಡುಪಿಯ ಅಜ್ಜರಕಾಡಿನಲ್ಲೋ ಕಲಿತು ಹೋಗುವುದು ಒಳ್ಳೆಯದು.

ಬಾಡಿಗೆ ಮನೆ ಹಿಡಿಯುವಾಗ ಕರಾರುಪತ್ರವು ಅಲ್ಲಿನ ವಸತಿ ಪ್ರಾಧಿಕಾರದಲ್ಲಿ ನೋಂದಣಿಯಾಗುವುದೆಂದು ಖಚಿತಪಡಿಸಿಕೊಳ್ಳಿ. 2020ರಿಂದ ಇದು ಕಡ್ಡಾಯ. ವಿದ್ಯುತ್ ಮತ್ತು ನೀರಿನ ಖಾತೆಯಲ್ಲಿ ಮನೆಯೊಳಗೆ ಎಷ್ಟು ಜನರಿದ್ದಾರೆಂದು ನಮೂದಾಗದಿದ್ದರೆ ಹೆಚ್ಚಿನ ದರ ತೆರಬೇಕಾಗುತ್ತದೆ, ಆ ಮಾತನ್ನು ಮಾಲೀಕರೊಂದಿಗೆ ಮೊದಲೇ ಆಡಿರಿ. ಮನೆಗಳು ಸುಣ್ಣಕಲ್ಲಿನವು, ಮಳೆ ಬರುವುದು ಚಳಿಗಾಲದಲ್ಲಿ. ಗೋಡೆಯ ತೇವ ಕರಾವಳಿಯವರಿಗೆ ಹೊಸದಲ್ಲವಾದರೂ ಅದರ ಜೊತೆಗೆ ಚಳಿ ಸೇರುವುದು ಹೊಸದು, ಆದ್ದರಿಂದ ದಪ್ಪ ಹೊದಿಕೆ ಇರಲಿ. ಬಟ್ಟೆ ಒಣಗಿಸುವ ತಾರಸಿಯನ್ನು ಹಲವು ಮನೆಯವರು ಹಂಚಿಕೊಳ್ಳುವುದುಂಟು. ಯಾವ ಹಗ್ಗ ಯಾರದೆಂದು ಕೇಳಿ ತಿಳಿಯುವ ನೆಪದಲ್ಲೇ ನೆರೆಯವರೊಂದಿಗೆ ಮೊದಲ ಮಾತು ಆಗಿಬಿಡುತ್ತದೆ. ಒಣಮೀನು ಸುಡುವ ಆಸೆ ಎಲ್ಲರಿಗೂ ಬರುತ್ತದೆ, ಆದರೆ ಒಂದೇ ಮೆಟ್ಟಿಲು ಹಂಚಿಕೊಂಡ ಕಟ್ಟಡದಲ್ಲಿ ಆ ವಾಸನೆ ಎಲ್ಲರ ಕೋಣೆಗೂ ಹೋಗುತ್ತದೆ. ಕಿಟಕಿ ತೆರೆದು, ನೆರೆಯವರಿಗೆ ಮುಂಚಿತವಾಗಿ ಒಂದು ಮಾತು ಹೇಳಿ ಮಾಡಿದರೆ ಮುನಿಸು ಉಳಿಯುವುದಿಲ್ಲ.

ಓಡಾಟಕ್ಕೆ ಕಷ್ಟವಿಲ್ಲ. ವಾಹನಗಳು ನಮ್ಮಲ್ಲಿಯಂತೆ ಎಡಬದಿಯಲ್ಲೇ ಚಲಿಸುತ್ತವೆ. ಹೆಸರು ನೋಂದಾಯಿಸಿ ಪಡೆದ ತಲ್ಲಿನ್ಯಾ ಕಾರ್ಡು ಇದ್ದವರಿಗೆ 2022ರ ಅಕ್ಟೋಬರದಿಂದ ಬಸ್ ಪ್ರಯಾಣ ಉಚಿತ. ಇಂಗ್ಲಿಷು ಅಧಿಕೃತ ಭಾಷೆಯೇ ಆದ್ದರಿಂದ ಕೆಲಸ ನಡೆಯುತ್ತದೆ. ಆದರೂ ಬೆಳಿಗ್ಗೆ ಅವರ ಮಾಲ್ಟೀಸ್ ಭಾಷೆಯಲ್ಲೇ ‘ಬೊನ್‌ಜು’ (ಶುಭೋದಯ) ಎಂದು ಒಳಗೆ ಕಾಲಿಟ್ಟು, ಸಾಮಾನು ಪಡೆದು ‘ಗ್ರಾತ್ಸಿ’ (ಧನ್ಯವಾದ) ಎಂದು ಹೊರಡುವ ಗಿರಾಕಿಯನ್ನು ಅಂಗಡಿಯವರು ಬೇಗ ಗುರುತಿಟ್ಟುಕೊಳ್ಳುತ್ತಾರೆ. ಸಣ್ಣ ಊರುಗಳ ಅಂಗಡಿಗಳು ಮಧ್ಯಾಹ್ನ ಕೆಲವು ಗಂಟೆ ಮುಚ್ಚಿರುತ್ತವೆ. ಸಂಜೆ ಚರ್ಚಿನ ಮುಂದಿನ ಚೌಕದ ಬೆಂಚುಗಳಲ್ಲಿ ಹಿರಿಯರು ಬಂದು ಕೂರುತ್ತಾರೆ. ಅವರಿಗೆ ಮಾತಿಗೆ ಸಮಯವಿದೆ, ಊರಿನ ಎಲ್ಲ ಮನೆಗಳ ಪರಿಚಯವಿದೆ. ವಯಸ್ಸಿನ ಅಂತರವನ್ನು ಲೆಕ್ಕಿಸದೆ ಅವರ ಪಕ್ಕದಲ್ಲಿ ಕೂರಲು ಹಿಂಜರಿಯಬೇಡಿ.

ಮೀನು ತಿನ್ನುವವರು ಭಾನುವಾರ ಬೆಳಿಗ್ಗೆ ಮಾರ್ಸಶ್ಲೋಕ್ ಬಂದರಿನ ಸಂತೆಗೆ ಹೋಗಲೇಬೇಕು. ಹಳದಿ, ನೀಲಿ, ಕೆಂಪು ಬಣ್ಣ ಬಳಿದು ಮುಂಭಾಗದಲ್ಲಿ ಕಣ್ಣು ಬರೆದ ‘ಲುತ್ಸು’ ದೋಣಿಗಳು ಅಲ್ಲಿ ಸಾಲಾಗಿ ನಿಂತಿರುತ್ತವೆ. ಆಗಸ್ಟಿನ ನಡುವಿನಿಂದ ವರ್ಷದ ಕೊನೆಯವರೆಗೆ ‘ಲಂಪೂಕಿ’ ಎಂಬ ಮೀನಿನ ಕಾಲ. ತಾಳೆಜಾತಿಯ ಮರದ ಗರಿಗಳನ್ನು ಕಟ್ಟಿ ಸಮುದ್ರದಲ್ಲಿ ತೇಲಿಬಿಟ್ಟು, ಅದರ ನೆರಳಿಗೆ ಬಂದು ಸೇರುವ ಮೀನನ್ನು ಬಲೆ ಬೀಸಿ ಹಿಡಿಯುತ್ತಾರೆ. ಮಲ್ಪೆಯಲ್ಲೋ ಬಂದರಿನ ದಕ್ಕೆಯಲ್ಲೋ ಮೀನು ಆಯ್ದು ಬಲ್ಲವರು ಕಿವಿರು ಎತ್ತಿ ನೋಡುವ ರೀತಿಯನ್ನು ಅಲ್ಲಿನ ಮೀನುಗಾರರು ಮೆಚ್ಚುತ್ತಾರೆ. ಪ್ರತಿ ವಾರ ಒಬ್ಬರಲ್ಲೇ ಕೊಂಡು, ಈ ಮೀನನ್ನು ಅವರ ಮನೆಯಲ್ಲಿ ಹೇಗೆ ಬೇಯಿಸುತ್ತಾರೆಂದು ಕೇಳಿರಿ. ಮೀನಿನ ವಿಷಯದಲ್ಲಿ ನಮ್ಮವರಿಗೂ ಅವರಿಗೂ ಮಾತು ಮುಗಿಯುವುದೇ ಇಲ್ಲ.

ಬೇಸಿಗೆಯಲ್ಲಿ ಪ್ರತಿ ಊರೂ ತನ್ನ ಸಂತರ ಹಬ್ಬವನ್ನು ‘ಫೆಸ್ತಾ’ ಎಂದು ಆಚರಿಸುತ್ತದೆ. ಬೀದಿಗೆ ಪತಾಕೆ, ಬ್ಯಾಂಡಿನ ಮೆರವಣಿಗೆ, ರಾತ್ರಿ ಸಿಡಿಮದ್ದು: ಅತ್ತೂರಿನ ಸಾಂತ್‌ಮಾರಿಯನ್ನು ನೋಡಿದವರಿಗೆ ಆ ಜನಸಂದಣಿಯ ಹುರುಪು ಅಪರಿಚಿತವೆನಿಸದು. ಕೆಲವು ಊರುಗಳಲ್ಲಿ ಎರಡು ಬ್ಯಾಂಡ್ ಕ್ಲಬ್ಬುಗಳಿದ್ದು ಅವುಗಳ ನಡುವೆ ತಲೆಮಾರುಗಳ ಪೈಪೋಟಿ ಇರುತ್ತದೆ, ಹೊಸಬರು ಯಾವ ಪಕ್ಷವನ್ನೂ ಹಿಡಿಯದಿರುವುದು ಲೇಸು. ಹಬ್ಬಕ್ಕೆ ಮುಂಚಿನ ವಾರಗಳಲ್ಲಿ ಬೀದಿ ಸಿಂಗರಿಸಲು ಕೈ ಜೋಡಿಸುವುದಾದರೆ ಕೇಳಿ ನೋಡಿ. ಒಟ್ಟಿಗೆ ಏಣಿ ಹಿಡಿದವರ ನಡುವೆ ಹುಟ್ಟುವ ಸಲುಗೆ ಕಚೇರಿಯ ಪರಿಚಯದಿಂದ ಹುಟ್ಟುವುದಿಲ್ಲ. ಮಂಗಳೂರಿನ ಕ್ರೈಸ್ತ ಮನೆಗಳು ಮೊಂತಿ ಫೆಸ್ತ್ ಆಚರಿಸುವ ಸೆಪ್ಟೆಂಬರ್ 8 ಮಾಲ್ಟಾದಲ್ಲಿಯೂ ಸಾರ್ವಜನಿಕ ರಜೆ. 1565ರಲ್ಲಿ ಒಟ್ಟೋಮನ್ ತುರ್ಕರು ದ್ವೀಪಕ್ಕೆ ಹಾಕಿದ್ದ ಮಹಾ ಮುತ್ತಿಗೆ ಮುಗಿದ ನೆನಪು ಮತ್ತು ಮರಿಯ ಮಾತೆಯ ಜನ್ಮದಿನ ಎರಡೂ ಆ ದಿನ ಕೂಡುತ್ತವೆ. ರಾಜಧಾನಿ ವಲೆಟ್ಟಾದ ದೊಡ್ಡ ಬಂದರಿನಲ್ಲಿ ಹುಟ್ಟು ಹಾಕುವ ದೋಣಿಗಳ ಸ್ಪರ್ಧೆ ನಡೆಯುತ್ತದೆ. ನಶ್ಶಾರ್, ಮೆಲ್ಲೀಹಾ, ಸೆಂಗ್ಲಿಯಾ ಊರುಗಳಲ್ಲಿ ಅದೇ ಮಾತೆಯ ಹಬ್ಬ. ನಮ್ಮಲ್ಲಿ ಆ ದಿನ ಹೊಸ ತೆನೆಯೊಂದಿಗೆ ಸಸ್ಯಾಹಾರದ ಊಟ ಮಾಡುವ ರೂಢಿ ಇರುವುದರಿಂದ ಉಡುಪಿಯ ಶಾಕಾಹಾರಿ ಗೆಳೆಯರನ್ನೂ ಮಾಲ್ಟಾದ ನೆರೆಯವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಲು ಅದಕ್ಕಿಂತ ಒಳ್ಳೆಯ ದಿನ ನನಗೆ ಕಾಣುವುದಿಲ್ಲ. ತಿಂಡಿಗೆ ಕರೆಯುವುದಾದರೆ ನೀರುದೋಸೆ ಮಾಡಿ. ಹಿಟ್ಟು ಹುಳಿಯಬೇಕೆಂದಿಲ್ಲವಾದ್ದರಿಂದ ಚಳಿಗಾಲದಲ್ಲೂ ಕೆಡುವುದಿಲ್ಲ, ಖಾರವಿಲ್ಲದ್ದರಿಂದ ಎಲ್ಲರಿಗೂ ಹಿಡಿಸುತ್ತದೆ. ಅವರು ಬಟಾಣಿ ತುಂಬಿದ, ನಮ್ಮ ಪಫ್ಸ್‌ನಂಥ ‘ಪಸ್ತಿತ್ಸಿ’ ಕೊಟ್ಟಾಗ, ಹೊದಿಕೆಯ ಹಿಟ್ಟಿಗೆ ಯಾವ ಕೊಬ್ಬು ಬಳಸಿದ್ದಾರೆಂದು ಶಾಕಾಹಾರಿಗಳು ಸಂಕೋಚವಿಲ್ಲದೆ ಕೇಳಬಹುದು.

ಇನ್ನು ನಿಮ್ಮಂತೆಯೇ ಬಂದವರೊಳಗಿನ ಸ್ನೇಹ. ಇದು ಬೇಗ ಬೆಳೆಯುತ್ತದೆ, ಹಣದ ವಿಷಯದಲ್ಲಿ ಅಷ್ಟೇ ಬೇಗ ಮುರಿಯುತ್ತದೆ. ಒಂದೇ ಮನೆಯಲ್ಲಿರುವವರು ಮುಂಗಡದಲ್ಲಿ ಯಾರ ಪಾಲೆಷ್ಟು, ಮಧ್ಯದಲ್ಲಿ ಬಿಟ್ಟುಹೋದರೆ ಅದನ್ನು ಯಾರು ಹಿಂದಿರುಗಿಸಬೇಕು ಎಂಬುದನ್ನು ಮೊದಲ ದಿನವೇ ಬರೆದಿಟ್ಟು ಎಲ್ಲರೂ ಸಹಿ ಹಾಕಿರಿ. ಊರಿನವನೆಂಬ ನಂಬಿಕೆಗೆ ಇದು ಅವಮಾನವಲ್ಲ, ಆ ನಂಬಿಕೆಯನ್ನು ಉಳಿಸುವ ದಾರಿ. ಪುಟ್ಟ ದ್ವೀಪದಲ್ಲಿ ಒಬ್ಬರ ಮೇಲಿನ ದೂರು ಸಂಜೆಯೊಳಗೆ ಅವರ ಕಿವಿಗೇ ಬೀಳುತ್ತದೆ, ಜಗಳವಾಡಿದವರು ಮರುದಿನ ಅದೇ ಬಸ್ಸಿನಲ್ಲಿ ಎದುರಾಗುತ್ತಾರೆ. ಪಾಳಿಯ ಕೆಲಸದವರಿಗೆ ಭಾನುವಾರದ ರಜೆ ಸಿಗದ ಕಾರಣ ವಾರದಲ್ಲಿ ಎಲ್ಲರಿಗೂ ಒಪ್ಪುವ ಒಂದು ಹೊತ್ತಿನ ಊಟವನ್ನು ಗೊತ್ತುಮಾಡಿ. ಇಬ್ಬರೇ ಬಂದರೂ ಅದನ್ನು ತಪ್ಪಿಸಬೇಡಿ. ಗೆಳೆಯರೊಬ್ಬರು ದ್ವೀಪ ಬಿಡುವಾಗ ಅವರ ಪರಿಚಯದ ಅಂಗಡಿಯವರಿಗೆ, ನೆರೆಯವರಿಗೆ ನಿಮ್ಮನ್ನು ಪರಿಚಯಿಸಿ ಹೋಗುವಂತೆ ಕೇಳಿಕೊಳ್ಳಿ.

ಮನೆಗೆ ಫೋನು ಮಾಡಲು ಹೊತ್ತಿನ ಲೆಕ್ಕ ನೆನಪಿರಲಿ. ಅಲ್ಲಿನ ಬೇಸಿಗೆಯಲ್ಲಿ ನಮ್ಮ ಸಮಯ ಮೂರೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಊರಿನಲ್ಲಿ ರಾತ್ರಿ ಒಂಬತ್ತಾದಾಗ ಅಲ್ಲಿ ಸಂಜೆ ಐದೂವರೆ ಅಥವಾ ನಾಲ್ಕೂವರೆ. ಅಪಾಯದಲ್ಲಿ ಕರೆಯಬೇಕಾದ ಸಂಖ್ಯೆ 112. ಬೀಗದ ಇನ್ನೊಂದು ಕೈಯನ್ನು ನಂಬಿಕೆಯ ನೆರೆಯವರಲ್ಲಿ ಕೊಟ್ಟಿರಿ, ಅವರ ಫೋನು ಸಂಖ್ಯೆಯನ್ನು ಊರಿನ ಮನೆಯವರಿಗೂ, ಮನೆಯವರ ಸಂಖ್ಯೆಯನ್ನು ಅವರಿಗೂ ತಲುಪಿಸಿ, ಒಮ್ಮೆ ವೀಡಿಯೊ ಕರೆಯಲ್ಲಿ ಅಮ್ಮನಿಗೂ ಅವರಿಗೂ ಮುಖಪರಿಚಯ ಮಾಡಿಸಿ.