ಕಾಂಕ್ರೀಟ್ ಸುರಿಯುವ ಮುನ್ನ: ಗುಣಮಟ್ಟ ನಿರ್ವಹಣೆಯಲ್ಲಿ ನನ್ನ ಅನುಭವ

ಕಟ್ಟಡ ನಿರ್ಮಾಣ ಕಂಪನಿಯೊಂದರ ಗುಣಮಟ್ಟ ವಿಭಾಗದ ಹೊಣೆ ನನಗೆ ಬಂದಾಗ ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9001ರ ಪ್ರಮಾಣಪತ್ರ, ಕೈಪಿಡಿ, ನಮೂನೆಗಳು ಎಲ್ಲವೂ ಅಲ್ಲಿದ್ದವು. ಆದರೆ ನಮೂನೆಗಳನ್ನು ಬಹುಮಟ್ಟಿಗೆ ಕೆಲಸ ಮುಗಿದ ಮೇಲೆ ಕಚೇರಿಯಲ್ಲಿ ಕುಳಿತು ತುಂಬಲಾಗುತ್ತಿತ್ತು. ನಾನು ಕೈಪಿಡಿಯನ್ನು ತಿದ್ದಲು ಹೋಗಲಿಲ್ಲ. ಮುಂದಿನ ಹಂತದಲ್ಲಿ ಮುಚ್ಚಿಹೋಗಿ ಮತ್ತೆ ಕಣ್ಣಿಗೆ ಬೀಳದ ಕೆಲಸಗಳು ಯಾವುವು ಎಂದು ಮೊದಲು ಗುರುತಿಸಿದೆ: ಪಾಯದ ತಳ, ಕಂಬಿ ಕಟ್ಟುವಿಕೆ, ಗೋಡೆಯೊಳಗಿನ ಪೈಪು, ನೀರು ಸೋರದಂತೆ ಹಚ್ಚುವ ಲೇಪ. ಇವುಗಳನ್ನು ಸ್ಥಳದಲ್ಲೇ ನೋಡಿ ಸಹಿ ಹಾಕದೆ ಕೆಲಸ ಮುಂದುವರಿಯಬಾರದು ಎಂಬ ನಿಯಮ ತಂದೆವು.

ನಿಯಮಕ್ಕಿಂತ ಮುಖ್ಯವಾದದ್ದು, ಕೆಲಸ ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು. ಗಡುವಿನೊಳಗೆ ಸ್ಲ್ಯಾಬ್ ಮುಗಿಸಬೇಕಾದವರ ಅಧೀನದಲ್ಲೇ ತಪಾಸಣೆ ಮಾಡುವವರೂ ಇದ್ದರೆ, 'ಬೇಡ' ಎನ್ನುವ ಧೈರ್ಯ ಬಹಳ ದಿನ ಉಳಿಯುವುದಿಲ್ಲ. ಹಾಗಾಗಿ ನಮ್ಮ ಗುಣಮಟ್ಟದ ಇಂಜಿನಿಯರು ನೇರವಾಗಿ ಮುಖ್ಯ ಕಚೇರಿಗೆ ವರದಿ ಮಾಡುವ ವ್ಯವಸ್ಥೆ ಮಾಡಿಸಿದೆ. ಕಾಂಕ್ರೀಟ್ ಪಂಪು ಬಂದು ನಿಂತಿರುವಾಗ ತಪಾಸಣೆ ಮಾಡಿದರೆ ಜಗಳವೇ ಆಗುತ್ತದೆ. ಆದ್ದರಿಂದ ಹಿಂದಿನ ದಿನವೇ ಒಮ್ಮೆ ನೋಡಿ, ತಿದ್ದಲು ಸಮಯ ಕೊಟ್ಟು, ಸುರಿಯುವ ಮುನ್ನ ಇನ್ನೊಮ್ಮೆ ನೋಡುವುದನ್ನು ರೂಢಿಸಿದೆವು.

ಈ ಎರಡನೆಯ ನೋಟ ಏಕೆ ಬೇಕೆಂಬುದಕ್ಕೆ ಚಾಚಿಕೊಂಡ ಬಾಲ್ಕನಿಯೇ ಸಾಕ್ಷಿ. ಅಂಥ ಸ್ಲ್ಯಾಬಿನಲ್ಲಿ ಭಾರ ಹೊರುವ ಮುಖ್ಯ ಕಂಬಿ ಇರಬೇಕಾದದ್ದು ಮೇಲ್ಭಾಗದಲ್ಲಿ. ನಕ್ಷೆಯಂತೆಯೇ ಕಟ್ಟಿದ್ದರೂ ಜನ ಓಡಾಡಿ, ಪೈಪು ಎಳೆದು, ಕಂಬಿಯನ್ನು ಎತ್ತಿ ಹಿಡಿಯುವ ಕೆಳಗಿನ ಆಧಾರಗಳು, ಅಂದರೆ ಚೇರುಗಳು, ಬಾಗಿದರೆ ಕಂಬಿ ಕೆಳಗಿಳಿಯುತ್ತದೆ. ಕಂಬಿಯ ಎಣಿಕೆ, ಗಾತ್ರ, ಅಂತರ ಎಲ್ಲವೂ ಚೆಕ್‌ಲಿಸ್ಟಿನಲ್ಲಿ ಸರಿಯಾಗಿಯೇ ಇರುತ್ತವೆ. ಬಾಲ್ಕನಿಯ ಬಲ ಮಾತ್ರ ಕುಗ್ಗಿರುತ್ತದೆ. ಸುರಿಯುವ ಮುನ್ನ ಸೆಂಟ್ರಿಂಗ್ ಹಲಗೆಯಿಂದ ಕಂಬಿಯವರೆಗಿನ ಎತ್ತರವನ್ನು ಟೇಪು ಹಿಡಿದು ಅಳೆದು ಬರೆಯುವ ಒಂದು ಸಾಲನ್ನು ನಾನೇ ಸೇರಿಸಿದೆ. ನಾನು ಸೇರಿಸಿದ್ದರಲ್ಲಿ ಇದರಷ್ಟು ಉಪಯೋಗಕ್ಕೆ ಬಂದ ಸಾಲು ಬೇರೊಂದಿಲ್ಲ ಎಂದು ಈಗಲೂ ನಂಬಿದ್ದೇನೆ.

ಕಾಂಕ್ರೀಟಿನ ಘನಾಕೃತಿಯ ಮಾದರಿಯನ್ನು ಒತ್ತಿ ಒಡೆದು ಬಲ ಅಳೆಯುವ ಕ್ಯೂಬ್ ಪರೀಕ್ಷೆಯ ಮೇಲೆ ಎಲ್ಲರಿಗೂ ಅತಿಯಾದ ಭರವಸೆ. 150 ಮಿಲಿಮೀಟರ್ ಕ್ಯೂಬಿನ 28 ದಿನಗಳ ಫಲಿತಾಂಶ ಕೈಸೇರುವಷ್ಟರಲ್ಲಿ ಮೇಲಿನ ಕೆಲಸ ಬಹಳ ಮುಂದೆ ಹೋಗಿರುತ್ತದೆ. ತಡೆಯಲು ಸಾಧ್ಯವಿರುವುದು ಲಾರಿ ಬಂದ ಕ್ಷಣದಲ್ಲಿ, ಸ್ಲಂಪ್ ನೋಡಿದಾಗ, ಅಂದರೆ ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆಂದು ಅಳೆದು ಅದರ ಹದ ನೋಡಿದಾಗ. ಮಿಶ್ರಣ ಗಟ್ಟಿಯಾಗಿದೆಯೆಂದು ನೀರು ಸೇರಿಸಿದರೆ ಸುರಿಯುವುದು ಸುಲಭವಾದೀತು, ಆದರೆ ಆ ಹೆಚ್ಚುವರಿ ನೀರು ಆರಿದ ಜಾಗದಲ್ಲಿ ಸಣ್ಣ ರಂಧ್ರಗಳು ಉಳಿದು ಕಾಂಕ್ರೀಟಿನ ಬಲವೂ ಬಾಳಿಕೆಯೂ ಕುಸಿಯುತ್ತವೆ.

ದೋಷ ಕಂಡಾಗ ಬರೆಯುವ ವರದಿಯಲ್ಲಿ, ಕಾರಣದ ಜಾಗದಲ್ಲಿ 'ಕಾರ್ಮಿಕರ ನಿರ್ಲಕ್ಷ್ಯ' ಎಂದು ಬರೆದದ್ದನ್ನು ನಾನು ಒಪ್ಪುತ್ತಿರಲಿಲ್ಲ. ಒಂದು ಕಟ್ಟಡದ ಕಂಬಗಳ ಬುಡದಲ್ಲಿ ಸಂದುಗಳಲ್ಲಿ ಸಿಮೆಂಟ್ ತುಂಬದೆ ಮತ್ತೆ ಮತ್ತೆ ಬರಿ ಜಲ್ಲಿ ಕಾಣಿಸಿಕೊಳ್ಳುತ್ತಿತ್ತು. ಕಾಂಕ್ರೀಟನ್ನು ಅದುರಿಸಿ ಒತ್ತಾಗಿ ಕೂರಿಸುವ ವೈಬ್ರೇಟರ್ ಹಿಡಿದವರನ್ನು ಎಲ್ಲರೂ ದೂರಿದರು. ಶಟರಿಂಗ್ ಬಿಚ್ಚುವ ಮೊದಲೇ ಹೋಗಿ ನೋಡಿದಾಗ, ತಳದ ಸಂದಿನಿಂದ ಸಿಮೆಂಟ್ ಹಾಲು ಸೋರಿ ನೆಲದ ಮೇಲೆ ಹೆಪ್ಪುಗಟ್ಟಿತ್ತು. ಸಂದನ್ನು ಫೋಮ್ ಪಟ್ಟಿಯಿಂದ ಮುಚ್ಚಿಸಿದ ಮೇಲೆ ಅದೇ ತಂಡದ ಕಂಬಗಳು ಹಸನಾಗಿ ಬಂದವು. ಆನಂತರ ಆ ಫೋಮ್ ಪಟ್ಟಿಯನ್ನು ಕಂಪನಿಯ ಎಲ್ಲ ಸೈಟುಗಳ ಸಾಮಗ್ರಿ ಪಟ್ಟಿಗೆ ಸೇರಿಸಿದೆವು, ಮತ್ತು ಸ್ಥಳದಲ್ಲೇ ಸಹಿಯಾದ ತಪಾಸಣಾ ಹಾಳೆ ಲಗತ್ತಿಸದ ಗುತ್ತಿಗೆದಾರರ ಬಿಲ್ಲನ್ನು ಲೆಕ್ಕಪತ್ರ ವಿಭಾಗವು ವಾಪಸು ಕಳಿಸತೊಡಗಿತು.