ಹಳೇ ಸ್ಕಾಟ್ಲೆಂಡ್‌ನಲ್ಲಿ ಸಾಲಕ್ಕೆ ಹೊಣೆ ನಿಲ್ಲುವುದು ಹೇಗೆ?

ಗೆಳೆಯನಿಗೆ ಸಾಲ ಬೇಕು. ಕೊಡುವವನು "ಹೊಣೆ ಯಾರು?" ಅನ್ನುತ್ತಾನೆ. ಗೆಳೆಯ ನಿಮ್ಮ ಮುಖ ನೋಡುತ್ತಾನೆ. ಇದು 14ನೇ ಶತಮಾನದ ಸ್ಕಾಟ್ಲೆಂಡ್ ಅಂದುಕೊಳ್ಳಿ. ಈಗೇನು ಮಾಡುವುದು?

ಮೊದಲು ಪದ ಗೊತ್ತಿರಲಿ. ಅಲ್ಲಿನ ಸ್ಕಾಟ್ಸ್ ಭಾಷೆಯಲ್ಲಿ ಹೊಣೆಗೆ ‘ಬೊರ್ಖ್’ ಎನ್ನುತ್ತಿದ್ದರು. ಹೊಣೆ ನಿಂತ ಮನುಷ್ಯನೂ ಬೊರ್ಖೇ. ನಮ್ಮ ಹಳೆಯ ‘ಪೊಣೆ’ಯೂ ಹಾಗೇ ಅಲ್ವಾ? ಸಾಲ ಪಡೆಯುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಬಾರೋ’ (borrow) ಕೂಡ ಅದೇ ಬೇರಿನ ಪದ. ಮುಂದೆ ಹೊಣೆಗೆ ‘ಕಾಷನ್’ (caution) ಎಂಬ ಪದ ಬಂತು. ಸ್ಕಾಟ್ಲೆಂಡಿನ ವಕೀಲರು ಅದನ್ನು ಇವತ್ತಿಗೂ ‘ಕೇಶನ್’ ಅಂತಲೇ ಉಚ್ಚರಿಸುತ್ತಾರೆ.

ಎರಡನೆಯದು, ಜೊತೆಗೆ ಇನ್ಯಾರು ನಿಲ್ಲುತ್ತಿದ್ದಾರೆ ನೋಡಿ. ನಾಲ್ವರಿದ್ದೇವೆ, ಕಾಲು ಭಾಗ ತಾನೇ ಅಂತ ಸುಮ್ನೆ ಇರಬೇಡಿ. ಬೇರೆ ಮಾತು ಆಗಿಲ್ಲದಿದ್ದರೆ ಒಬ್ಬೊಬ್ಬನೂ ಪೂರ್ತಿ ಸಾಲಕ್ಕೆ ಹೊಣೆ. ಪಾಲು ಎಷ್ಟೆಂದು ಮೊದಲೇ ಬಾಯಿಬಿಟ್ಟು ಹೇಳಿ.

ಮೂರನೆಯದೇ ಮುಖ್ಯ. ಸಾಲ ಕೊಟ್ಟವನು ನಿಮ್ಮ ಬಾಗಿಲಿಗೆ ಬಂದರೆ "ಮೊದಲು ಅವನನ್ನು ಕೇಳಿದಿರಾ?" ಅನ್ನಿ. 14ನೇ ಶತಮಾನದ ಆರಂಭದ ಸ್ಕಾಟ್ಲೆಂಡಿನ ಕಾನೂನು ಗ್ರಂಥ ‘ರೀಜಿಯಮ್ ಮಜೆಸ್ಟಾಟೆಮ್’, ಇಂಗ್ಲೆಂಡಿನ ‘ಗ್ಲಾನ್ವಿಲ್’ ಎಂಬ ಹಳೆಯ ಕಾನೂನು ಗ್ರಂಥದಿಂದ ಬಹಳಷ್ಟು ತೆಗೆದುಕೊಂಡಿದೆ. ಗ್ಲಾನ್ವಿಲ್‌ನ ಲೆಕ್ಕ ಹೀಗೆ: ಸಾಲಗಾರನ ಕೈಯಲ್ಲಿ ತೀರಿಸಲು ಏನೂ ಇಲ್ಲ ಎಂದಾದ ಮೇಲಷ್ಟೇ ಹೊಣೆಗಾರನ ಹತ್ತಿರ ಬರಬೇಕು. ಎಷ್ಟು ನ್ಯಾಯವಾದ ಮಾತು! ಉಂಡವನು ಇರುವಾಗ ಬಡಿಸಿದವನ ಕೈ ಯಾಕೆ ಹಿಡಿಯಬೇಕು?

ಕೊನೆಗೆ ನೀವೇ ಕಟ್ಟಬೇಕಾಯಿತು ಅನ್ನಿ. ಕಟ್ಟಿ, ಆದರೆ ಬಿಟ್ಟುಬಿಡಬೇಡಿ. ಗೆಳೆಯನ ಕೈಗೆ ಮುಂದೆ ದುಡ್ಡು ಬಂದಾಗ ದಾವೆ ಹೂಡಿ ವಸೂಲಿ ಮಾಡುವ ಹಕ್ಕು ನಿಮಗಿದೆ.

ಈ ಕ್ರಮ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಒಬ್ಬ ರಾಜನ ಕಥೆಯೇ ಇದೆ. 1406ರಲ್ಲಿ ಹುಡುಗನಾಗಿದ್ದ ಸ್ಕಾಟ್ಲೆಂಡಿನ ಒಂದನೇ ಜೇಮ್ಸ್ ಸಮುದ್ರದಲ್ಲಿ ಇಂಗ್ಲಿಷರ ಕೈಗೆ ಸಿಕ್ಕ. ಅವನದೇ ಎನ್ನಲಾಗುವ ಕವಿತೆಯಲ್ಲಿ, ಹಡಗು ಹತ್ತುವಾಗ ಗೆಳೆಯರಿಂದ ಬೀಳ್ಕೊಂಡ ಮಾತು ಬರುತ್ತದೆ: "ಸಂತ ಜಾನನೇ ಹೊಣೆ". ಆಗ ಜನ ಹೊರಡುವವರಿಗೆ ಹಾಗೆ ಹರಸುತ್ತಿದ್ದರು. ನನಗಂತೂ ಆ ಸಾಲು ಓದಿದಾಗೆಲ್ಲ ಕರುಳು ಚುರ್ ಅನ್ನುತ್ತದೆ. ಅವನು ವಾಪಸಾಗಿದ್ದು 18 ವರ್ಷದ ಮೇಲೆ, 1424ರಲ್ಲಿ. ಬಿಡುಗಡೆಗೆ 40,000 ಪೌಂಡ್ ಕೊಡುವ ಕರಾರು. ಅದಕ್ಕೆ ಹೊಣೆಯಾಗಿ ದೊಡ್ಡ ಮನೆತನಗಳ ಗಂಡಸರು ಇಂಗ್ಲೆಂಡಿನಲ್ಲಿ ಒತ್ತೆಯಾಳುಗಳಾದರು. ರಾಜ ತೆರಿಗೆ ಎತ್ತಿದ. ಇಂಗ್ಲೆಂಡಿಗೆ ಮುಟ್ಟಿದ್ದು ಮಾತ್ರ ಸ್ವಲ್ಪವೇ. ಹೊಣೆ ನಿಂತವರಲ್ಲಿ ಕೆಲವರು ಊರು ನೋಡದೆ ಅಲ್ಲೇ ತೀರಿಕೊಂಡರು.